ತಾಪ ಏರಿದರೂ ಕೆ ಇಳಿಯದಿದ್ದರೆ: 6.67 ಇವಿ ಶಿಖರ ಹಿಡಿದು ದೋಷ ಹುಡುಕುವ ಬಗೆ

ಆಟಿ ತಿಂಗಳ ಒಂದು ಭಾನುವಾರ, ಪೆರ್ಲ ಕಡೆಯ ನಮ್ಮ ಮನೆಗೆ ಎಂಎಸ್ಸಿ ಓದುವ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ಕರೆಂಟು ಬೆಳಗ್ಗೆಯೇ ಹೋಗಿತ್ತು, ಇನ್ವರ್ಟರು ಕೊನೆಯುಸಿರಿನಲ್ಲಿತ್ತು. ಕೂತವಳೇ ಹೇಳಿದಳು: "ಸರ್, ಇಂಧನವನ್ನು ಎಷ್ಟು ಬಿಸಿ ಮಾಡಿದರೂ ಕೆ ಅಲುಗುವುದೇ ಇಲ್ಲ. ಡಾಪ್ಲರ್ ಎಲ್ಲಿ ಹೋಯಿತು ಅಂತ ಗೈಡ್ ಕೇಳ್ತಿದ್ದಾರೆ."

ಕೆ ಎಂದರೆ ರಿಯಾಕ್ಟರಿನಲ್ಲಿ ಒಂದು ತಲೆಮಾರಿನ ನ್ಯೂಟ್ರಾನಿಗೆ ಮುಂದಿನ ತಲೆಮಾರಿನಲ್ಲಿ ಎಷ್ಟು ಹುಟ್ಟುತ್ತವೆ ಎಂಬ ಅನುಪಾತ. ಇಂಧನ ಬಿಸಿಯಾದಾಗ ಡಾಪ್ಲರ್ ಪರಿಣಾಮದಿಂದ ಅದು ಇಳಿಯಬೇಕು. ಅವಳ ಮಾದರಿ ಸರಳ. ಒಂದೇ ಇಂಧನ ಕಡ್ಡಿ, ಒಳಗೆ 3.1 ಶೇಕಡಾ ಸಂವರ್ಧಿತ ಯುರೇನಿಯಂ ಡೈಆಕ್ಸೈಡ್, ಸುತ್ತ ಜಿರ್ಕೋನಿಯಂ ಕವಚ, ಅದರ ಸುತ್ತ ನೀರು, ನಾಲ್ಕೂ ಬದಿಗೆ ಪ್ರತಿಫಲಿಸುವ ಗಡಿ. ನ್ಯೂಟ್ರಾನುಗಳ ಓಟವನ್ನು ಲೆಕ್ಕ ಹಾಕುವ ಓಪನ್‌ಎಂಸಿ ಎಂಬ ತಂತ್ರಾಂಶದಲ್ಲಿ ಇಂಧನವನ್ನು ಒಮ್ಮೆ 600 ಕೆಲ್ವಿನ್‌ಗೆ, ಒಮ್ಮೆ 900ಕ್ಕೆ ಇಟ್ಟು ಓಡಿಸಿದ್ದಳು. ಎರಡು ಉತ್ತರಗಳ ನಡುವಿನ ಅಂತರ 40 ಪಿಸಿಎಂ, ಅಂದರೆ ಲಕ್ಷದಲ್ಲಿ 40 ಪಾಲು. ಒಂದೊಂದು ಉತ್ತರದ ಅನಿಶ್ಚಿತತೆ 60 ಪಿಸಿಎಂ. ನೀರಿನ ರಿಯಾಕ್ಟರಿನ ಇಂತಹ ಕಡ್ಡಿಯಲ್ಲಿ ಇಂಧನ ಒಂದು ಕೆಲ್ವಿನ್ ಬಿಸಿಯಾದರೆ ಪ್ರತಿಕ್ರಿಯಾಶೀಲತೆ (ಕೆ 1ರಿಂದ ಎಷ್ಟು ದೂರ ಎಂಬ ಅಳತೆ) 2ರಿಂದ 3 ಪಿಸಿಎಂ ಇಳಿಯಬೇಕು. 300 ಕೆಲ್ವಿನ್‌ಗೆ 600ರಿಂದ 900. ಅಷ್ಟು ದೊಡ್ಡ ಇಳಿತ 60ರ ಗದ್ದಲದೊಳಗೆ ಅಡಗಿ ಕೂರಲಾರದು. ಹಾಗಾಗಿ "ಇನ್ನೂ ಹೆಚ್ಚು ನ್ಯೂಟ್ರಾನ್ ಓಡಿಸಿ ನೋಡು" ಎಂದು ಯಾರೋ ಕೊಟ್ಟ ಸಲಹೆಯನ್ನು ನಾನು ಅಲ್ಲೇ ಬದಿಗಿಟ್ಟೆ. ಅಂತರವೇ ಇಲ್ಲದಲ್ಲಿ ಭೂತಗನ್ನಡಿ ಹಿಡಿದು ಪ್ರಯೋಜನವಿಲ್ಲ.

ಇಂಥ ದೋಷ ಹುಡುಕುವವರು ಸಾಮಾನ್ಯವಾಗಿ ಕೆಯನ್ನೇ ನೋಡುತ್ತ ಕೂರುತ್ತಾರೆ. ಕೆ ಎಂಬುದು ಊಟದ ಕೊನೆಗೆ ಬರುವ ಬಿಲ್ಲಿನ ಮೊತ್ತ. ಯಾವ ಪದಾರ್ಥಕ್ಕೆ ಎಷ್ಟು ಹಾಕಿದ್ದಾರೆ ಎಂದು ಅದರಲ್ಲಿ ಕಾಣದು. ನಾನು ಮೊದಲು ತೆರೆಯುವುದು ಯುರೇನಿಯಂ-238ರ ಕ್ಯಾಪ್ಚರ್ ರೇಖೆ, ಅಂದರೆ ಯಾವ ಶಕ್ತಿಯ ನ್ಯೂಟ್ರಾನನ್ನು ಅದು ಎಷ್ಟು ಸೆರೆಹಿಡಿಯುತ್ತದೆ ಎಂಬ ಗ್ರಾಫು; ಅದರಲ್ಲೂ 6.67 ಇವಿಯ (ಇವಿ ಎಂದರೆ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ಒಂದೇ ಒಂದು ಶಿಖರ. ಅದನ್ನು ಕೈಯಲ್ಲಿ ಲೆಕ್ಕ ಹಾಕಬಹುದು. ಕೈಲೆಕ್ಕಕ್ಕೂ ತಂತ್ರಾಂಶ ಓದುವ ದತ್ತಾಂಶದ ಫೈಲಿಗೂ ತಾಳೆಯಾಗದಿದ್ದರೆ ಯಾವ ಅಂಕಿ ಎಷ್ಟು ತಪ್ಪಿದೆ ಎಂಬುದರಲ್ಲೇ ರೋಗದ ಹೆಸರು ಸಿಗುತ್ತದೆ.

ಡಾಪ್ಲರ್ ಮಾಡುವ ಕೆಲಸ

ಹಣ್ಣಡಿಕೆ ಒಣಹಾಕಿದವರಿಗೆ ಇದು ಕಷ್ಟವಲ್ಲ. ಅಡಿಕೆಯನ್ನು ಅಂಗಳದ ಮೂಲೆಯಲ್ಲಿ ರಾಶಿ ಸುರಿದಿಟ್ಟರೆ ಮೇಲಿನ ಪದರಕ್ಕೆ ಮಾತ್ರ ಬಿಸಿಲು. ಅಡಿಯದ್ದು ಹಸಿಯಾಗಿಯೇ ಉಳಿದು ಬೂಸಲು ಹಿಡಿಯುತ್ತದೆ, ಅಂಗಳದ ಉಳಿದ ಬಿಸಿಲು ಯಾರಿಗೂ ಬೇಡದೆ ಬಿದ್ದಿರುತ್ತದೆ. ಒಂದು ಅಡಿಕೆಯನ್ನೂ ಹೆಚ್ಚು ತರದೆ ಅದೇ ರಾಶಿಯನ್ನು ಹರಗಿ ಹಾಕಿ. ಈಗ ಇಡೀ ಅಂಗಳದ ಬಿಸಿಲು ಅಡಿಕೆಯ ಪಾಲು.

ಅಂಗಳದ ಉದ್ದವನ್ನು ನ್ಯೂಟ್ರಾನಿನ ಶಕ್ತಿ ಎಂದುಕೊಳ್ಳಿ, ಬಿಸಿಲನ್ನು ನ್ಯೂಟ್ರಾನುಗಳೆಂದು, ರಾಶಿಯನ್ನು ಅಡ್ಡಛೇದದ (ನ್ಯೂಕ್ಲಿಯಸ್ಸು ನ್ಯೂಟ್ರಾನನ್ನು ಹಿಡಿಯುವ ಸಾಧ್ಯತೆಯ ಅಳತೆ) ಶಿಖರವೆಂದು. ಶಿಖರ ಕಿರಿದಾಗಿ, ಎತ್ತರವಾಗಿ ಇದ್ದಾಗ ಆ ಕಿರಿದಾದ ಶಕ್ತಿಯ ನ್ಯೂಟ್ರಾನುಗಳೆಲ್ಲ ಇಂಧನದ ಬಿಲ್ಲೆ, ಅಂದರೆ ಪೆಲೆಟ್‌ನ ಮೇಲ್ಮೈಯಲ್ಲೇ ಮುಗಿದುಹೋಗುತ್ತವೆ. ಕೋಣೆಯ ತಾಪದಲ್ಲಿ ಶಿಖರದ ತುದಿಯಲ್ಲಿರುವ ನ್ಯೂಟ್ರಾನು ಯುರೇನಿಯಂ ಡೈಆಕ್ಸೈಡಿನಲ್ಲಿ ಸಾಗುವ ಸರಾಸರಿ ದೂರ 0.06 ಮಿಲಿಮೀಟರು. ಪೆಲೆಟ್‌ನ ವ್ಯಾಸ 8 ಮಿಲಿಮೀಟರಿಗೆ ತುಸು ಹೆಚ್ಚು. ಒಳಗಿನ ಯುರೇನಿಯಂ ಪರಮಾಣುಗಳು ಆ ಶಕ್ತಿಯ ನ್ಯೂಟ್ರಾನನ್ನು ಕಣ್ಣಲ್ಲೂ ಕಂಡಿರುವುದಿಲ್ಲ. ಇದಕ್ಕೆ ಸ್ವಯಂಮರೆ ಎನ್ನೋಣ. ಬಹಳ ಕಾಲ ಉರಿದ ಪೆಲೆಟ್‌ಗಳನ್ನು ಕೊಯ್ದು ನೋಡಿದರೆ ಪ್ಲುಟೋನಿಯಂ (ಯುರೇನಿಯಂ-238 ನ್ಯೂಟ್ರಾನು ಹಿಡಿದು ಆಗುವಂಥದ್ದು) ಹೊರ ಅಂಚಿನಲ್ಲೇ ದಟ್ಟವಾಗಿ ಕಟ್ಟಿರುವುದಕ್ಕೂ ಇದೇ ಕಾರಣ.

ಇಂಧನ ಬಿಸಿಯಾದಾಗ ನ್ಯೂಕ್ಲಿಯಸ್‌ಗಳು ಹೆಚ್ಚು ಜೋರಾಗಿ ನಡುಗುತ್ತವೆ. ಎದುರಿಗೆ ಬರುವ ನ್ಯೂಟ್ರಾನಿನ ಸಾಪೇಕ್ಷ ವೇಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಶಿಖರ ಕುಗ್ಗಿ ಅಗಲವಾಗುತ್ತದೆ, ಕೆಳಗಿನ ವಿಸ್ತೀರ್ಣ ಹಾಗೆಯೇ ಉಳಿಯುತ್ತದೆ. ರಾಶಿಯನ್ನು ಹರಗಿದಂತಾಯಿತು. ಹೆಚ್ಚು ನ್ಯೂಟ್ರಾನು ಸೆರೆಯಾಗಿ ಕೆ ಇಳಿಯುತ್ತದೆ. ವಿಸ್ತೀರ್ಣ ಬದಲಾಗದಿದ್ದ ಮೇಲೆ ಹೀರಿಕೆ ಯಾಕೆ ಹೆಚ್ಚಬೇಕು ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಸ್ವಯಂಮರೆ ಇಲ್ಲದಿದ್ದರೆ ನಿಜಕ್ಕೂ ಹೆಚ್ಚುತ್ತಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಕೈಲೆಕ್ಕ

ಬೇಕಾದದ್ದು ಮೂರು ಅಂಕಿ. ಶಿಖರದ ಸ್ಥಾನ 6.674 ಇವಿ. ಹಿಡಿದ ನ್ಯೂಟ್ರಾನನ್ನು ಮತ್ತೆ ಬಿಟ್ಟುಬಿಡುವ ಪಾಲು, ಅಂದರೆ ನ್ಯೂಟ್ರಾನ್ ಅಗಲ, 1.476 ಮಿಲಿ ಇವಿ. ಗಾಮಾ ಕಿರಣ ಬಿಟ್ಟು ನ್ಯೂಟ್ರಾನನ್ನು ಇಟ್ಟುಕೊಳ್ಳುವ ಪಾಲು, ಅಂದರೆ ಗಾಮಾ ಅಗಲ, 23.0 ಮಿಲಿ ಇವಿ. ಒಟ್ಟು ಅಗಲ 24.476. ಬ್ರೈಟ್ ಮತ್ತು ವಿಗ್ನರ್ 1936ರಲ್ಲಿ ಕೊಟ್ಟ ಸೂತ್ರ ಇಷ್ಟಕ್ಕೇ ಸಾಕು.

26.08 ಲಕ್ಷ ಬಾರ್ನನ್ನು (ಬಾರ್ನ್ ಎಂದರೆ ಅಡ್ಡಛೇದದ ಮಾನ) 6.674ರಿಂದ ಭಾಗಿಸಿ. ನ್ಯೂಕ್ಲಿಯಸ್‌ನ ತೂಕ ನ್ಯೂಟ್ರಾನಿನ 236ರಷ್ಟು, ಆದ್ದರಿಂದ 237ನ್ನು 236ರಿಂದ ಭಾಗಿಸಿ ವರ್ಗ ಮಾಡಿ ಗುಣಿಸಿ. ಸುಮಾರು 3.94 ಲಕ್ಷ ಬರುತ್ತದೆ. ಯುರೇನಿಯಂ-238ರ ಸ್ಪಿನ್ ಸೊನ್ನೆ, ಹಾಗಾಗಿ ಸ್ಪಿನ್ ಗುಣಕ 1, ಅದರ ಗೊಡವೆ ಇಲ್ಲ. ನ್ಯೂಟ್ರಾನ್ ಅಗಲವನ್ನು ಒಟ್ಟು ಅಗಲದಿಂದ ಭಾಗಿಸಿ ಗುಣಿಸಿದರೆ ಸುಮಾರು 23,800 ಬಾರ್ನ್. ಅದರಲ್ಲಿ ಕ್ಯಾಪ್ಚರಿನ ಪಾಲು, ಅಂದರೆ ಗಾಮಾ ಅಗಲ ಭಾಗಿಸು ಒಟ್ಟು ಅಗಲ, ಹಿಡಿದರೆ 22,300 ಬಾರ್ನ್. ಇದು ಸೊನ್ನೆ ಕೆಲ್ವಿನ್‌ನ ಎತ್ತರ.

ಇನ್ನು ತಾಪ. ಡಾಪ್ಲರ್ ಅಗಲಕ್ಕೆ 4ನ್ನು ಶಿಖರದ ಶಕ್ತಿಯಿಂದಲೂ ಉಷ್ಣ ಶಕ್ತಿಯಿಂದಲೂ ಗುಣಿಸಿ, 236ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 293.6 ಕೆಲ್ವಿನ್‌ನಲ್ಲಿ ಉಷ್ಣ ಶಕ್ತಿ 0.0253 ಇವಿ, ಡಾಪ್ಲರ್ ಅಗಲ 53.5 ಮಿಲಿ ಇವಿ ಬರುತ್ತದೆ. ಶಿಖರದ ಸ್ವಂತ ಅಗಲದ ಎರಡು ಪಟ್ಟಿಗೂ ಹೆಚ್ಚು ಎಂಬುದನ್ನು ಗಮನಿಸಿ: ಕೋಣೆಯ ತಾಪದಲ್ಲೇ ಶಿಖರ ತನ್ನ ಮೂಲ ರೂಪ ಬಿಟ್ಟಾಗಿದೆ. ಸ್ವಂತ ಅಗಲವನ್ನು ಡಾಪ್ಲರ್ ಅಗಲದಿಂದ ಭಾಗಿಸಿದರೆ 0.4575. ಈ ಅನುಪಾತ, ಪೈಯ ವರ್ಗಮೂಲದ ಅರ್ಧ, ಅನುಪಾತದ ವರ್ಗದ ಕಾಲುಭಾಗದ ಘಾತೀಯ ಫಲನ, ಅನುಪಾತದ ಅರ್ಧಕ್ಕೆ ಪೂರಕ ಎರರ್ ಫಂಕ್ಷನ್, ಈ ನಾಲ್ಕನ್ನೂ ಗುಣಿಸಿದರೆ 0.319. ಯಾವ ಎಕ್ಸೆಲ್ ಹಾಳೆಯಲ್ಲೂ ಇದು ಒಂದು ಸಾಲಿನ ಕೆಲಸ. 22,300ನ್ನು ಅದರಿಂದ ಗುಣಿಸಿದರೆ ಸುಮಾರು 7,100 ಬಾರ್ನ್. ಇದೇ ರೀತಿ 600 ಕೆಲ್ವಿನ್‌ಗೆ ಸುಮಾರು 5,300, 900ಕ್ಕೆ ಸುಮಾರು 4,500.

ವಿಸ್ತೀರ್ಣವನ್ನೂ ತೆಗೆದಿಟ್ಟುಕೊಳ್ಳಿ: ಪೈಯ ಅರ್ಧ, ಸೊನ್ನೆ ಕೆಲ್ವಿನ್ ಎತ್ತರ, ಒಟ್ಟು ಅಗಲ, ಮೂರನ್ನೂ ಗುಣಿಸಿದರೆ ಹತ್ತಿರ ಹತ್ತಿರ 860 ಬಾರ್ನ್-ಇವಿ. ಯಾವ ತಾಪದಲ್ಲೂ ಇದು ಕದಲಬಾರದು. ಇದನ್ನು 6.67ರಿಂದ ಭಾಗಿಸಿದರೆ 129 ಬಾರ್ನ್; ಯುರೇನಿಯಂ-238ರ ಇಡೀ ಅನುರಣನ ಸಮಾಕಲ, ಅಂದರೆ ಇಂಥ ಎಲ್ಲ ಅನುರಣನ ಶಿಖರಗಳ ಹೀರಿಕೆಯ ಮೊತ್ತ, 275 ಬಾರ್ನ್ ಆಸುಪಾಸು. ಹೆಚ್ಚುಕಡಿಮೆ ಅರ್ಧ ಪಾಲು ಈ ಒಂದೇ ಶಿಖರದ್ದು. 20.9, 36.7, 66.0 ಇವಿ ಎಂದು ಮುಂದೆ ಸಾಲಾಗಿ ಇದ್ದರೂ ನಾನು ಇದೊಂದನ್ನೇ ಹಿಡಿಯಲು ಅದೇ ಕಾರಣ.

ಶಿಖರವೇ ಕಾಣದಿದ್ದರೆ

ಅಡ್ಡಛೇದಗಳ ಮೂಲ ದತ್ತಾಂಶದ, ಇನ್ನೂ ಸಂಸ್ಕರಿಸದ ಫೈಲನ್ನು ತೆರೆದು ಮೂರನೆಯ ವಿಭಾಗದ ಕ್ಯಾಪ್ಚರ್ ಸಂಖ್ಯೆಗಳನ್ನು ನೇರವಾಗಿ ಗ್ರಾಫ್ ಮಾಡಿದವರಿಗೆ ಈ ಗತಿ. ಬಯಲಿನಂತೆ ಚಪ್ಪಟೆ ರೇಖೆ, ಕೆಲವೆಡೆ ಸೊನ್ನೆಯೇ. ಫೈಲು ಹಾಳಾಗಿದೆ ಎಂದು ಮತ್ತೆ ಮತ್ತೆ ಡೌನ್‌ಲೋಡ್ ಮಾಡಿದವರನ್ನು ಕಂಡಿದ್ದೇನೆ. ಫೈಲಿಗೆ ಏನೂ ಆಗಿಲ್ಲ. ಸ್ಪಷ್ಟವಾಗಿ ಬಿಡಿಸಿದ ಅನುರಣನಗಳ ವಲಯದಲ್ಲಿ ಶಿಖರಗಳು ಎರಡನೆಯ ವಿಭಾಗದಲ್ಲಿ ನಿಯತಾಂಕಗಳಾಗಿ ಕೂತಿರುತ್ತವೆ. ಮೂರನೆಯದರಲ್ಲಿ ಇರುವುದು ಹಿನ್ನೆಲೆ ಮಾತ್ರ. ಎರಡನ್ನೂ ಕೂಡಿಸಿ ರೇಖೆ ಕಟ್ಟುವುದು ಎನ್‌ಜಾಯ್ ಎಂಬ ತಂತ್ರಾಂಶದ ರೀಕಾನ್‌ಆರ್ ಭಾಗ. ಅದಾದ ಮೇಲೆ ತಾಪ ಹಚ್ಚುವುದು ಬ್ರಾಡ್‌ಆರ್. ಮೊದಲನೆಯದನ್ನು ಬಿಟ್ಟರೆ ಶಿಖರವೇ ಇಲ್ಲ, ಎರಡನೆಯದನ್ನು ಬಿಟ್ಟರೆ ಸೊನ್ನೆ ಕೆಲ್ವಿನ್‌ನ ಶಿಖರ.

ಸಂಸ್ಕರಿಸಿದ ಫೈಲಿನಲ್ಲೂ ಶಿಖರ ಕಾಣೆಯಾಗುವುದುಂಟು, ಆಗ ತಪ್ಪು ಗ್ರಾಫಿನದ್ದು. 0.00001 ಇವಿಯಿಂದ 2 ಕೋಟಿ ಇವಿಯವರೆಗೆ ಲಾಗ್ ಅಂತರದಲ್ಲಿ ಸಾವಿರ ಬಿಂದು ಹಾಕಿದರೆ 6.67ರ ಬಳಿ ಒಂದು ಬಿಂದುವಿಗೂ ಇನ್ನೊಂದಕ್ಕೂ 0.19 ಇವಿ ಅಂತರ. ಸೊನ್ನೆ ಕೆಲ್ವಿನ್‌ನಲ್ಲಿ ಶಿಖರದ ಅಗಲ 0.024. ದೊಡ್ಡ ಕಣ್ಣಿನ ಬಲೆಯಲ್ಲಿ ಬೂತಾಯಿ ಹಿಡಿದ ಹಾಗೆ. 6ರಿಂದ 7.5 ಇವಿವರೆಗೆ ಮಾತ್ರ, ಫೈಲಿನ ಸ್ವಂತ ಬಿಂದುಗಳಲ್ಲೇ ಗ್ರಾಫ್ ಮಾಡಿ.

ಶಿಖರ ಇದೆ, ಎತ್ತರ ತಾಳೆಯಾಗುವುದಿಲ್ಲ

ನಿಮ್ಮ "900 ಕೆಲ್ವಿನ್" ಫೈಲಿನಲ್ಲಿ 22,000 ಕಂಡರೆ ಬ್ರಾಡ್‌ಆರ್ ಓಡಿಲ್ಲ. 7,100 ಕಂಡರೆ ಕೋಣೆಯ ತಾಪದ ಫೈಲಿಗೆ ಯಾರೋ ಹೊಸ ಹೆಸರು ಇಟ್ಟಿದ್ದಾರೆ. ಎತ್ತರ ತಪ್ಪಿದ್ದು ವಿಸ್ತೀರ್ಣ 860ಕ್ಕೆ ಸರಿಹೊಂದಿದರೆ ತಾಪದ ಗೊಂದಲ. ವಿಸ್ತೀರ್ಣವೇ ತಪ್ಪಿದರೆ ನಿಯತಾಂಕಗಳ ಗೊಂದಲ.

ನಿಯತಾಂಕಗಳ ಗೊಂದಲಕ್ಕೆ ಒಂದು ಹಳೆಯ ಖಾಯಂ ಕಾರಣವಿದೆ. ಆ ಫೈಲುಗಳ ಬರವಣಿಗೆ ಫೋರ್ಟ್ರಾನ್ ಕಾಲದ್ದು. ಹನ್ನೊಂದು ಅಕ್ಷರದ ಜಾಗದೊಳಗೆ ಹೆಚ್ಚು ಅಂಕಿ ತುರುಕಲು ಘಾತದ ಗುರುತಿನ ಅಕ್ಷರವನ್ನೇ ಕೈಬಿಟ್ಟಿದ್ದಾರೆ. 1.476000-3 ಎಂದು ಬರೆದಿದ್ದರೆ ಅದು 1.476 ಗುಣಿಸು ಹತ್ತರ ಮೈನಸ್ ಮೂರನೆಯ ಘಾತ. ಪೈಥಾನ್ ಅದನ್ನು ಸಂಖ್ಯೆಯೆಂದು ಒಪ್ಪದೆ ತಕರಾರು ತೆಗೆಯುತ್ತದೆ. ತಕರಾರು ತೆಗೆದರೆ ಪುಣ್ಯ. ಹಿಂದೊಮ್ಮೆ ಒಬ್ಬ ಹುಡುಗ ದಶಮಾಂಶದ ಸಂಖ್ಯೆಯನ್ನಷ್ಟೇ ಹೆಕ್ಕುವ ಪುಟ್ಟ ಕೋಡು ಬರೆದಿದ್ದ, ನ್ಯೂಟ್ರಾನ್ ಅಗಲದ ಬಾಲದ ಮೈನಸ್ ಮೂರು, ಗಾಮಾ ಅಗಲದ ಬಾಲದ ಮೈನಸ್ ಎರಡು ಅಲ್ಲೇ ಉದುರಿದ್ದವು. ನ್ಯೂಟ್ರಾನ್ ಅಗಲ 1.476 ಇವಿ, ಗಾಮಾ ಅಗಲ 2.3 ಇವಿ, ಶಿಖರದ ಎತ್ತರ 94,000 ಬಾರ್ನ್ ಹತ್ತಿರ, ಅಗಲ ನಾಲ್ಕು ಇವಿಗೆ ಸ್ವಲ್ಪ ಕಡಿಮೆ. ಅವನ ರಿಯಾಕ್ಟರಿನಲ್ಲಿ ಒಂದು ನ್ಯೂಟ್ರಾನೂ ಬದುಕಿರಲಿಲ್ಲ. ಅವನು ಅದನ್ನು ಹೊಸ ಆವಿಷ್ಕಾರ ಎಂದುಕೊಂಡಿದ್ದು ಎರಡೇ ದಿನ.

ಥೋರಿಯಂ ಹಿಡಿದು ಕೂತವರಿಗೂ ಒಂದು ಮಾತು. ಕೇರಳದ ಚವರ ಕಡೆಯ ಮರಳಿನಲ್ಲಿ ಮೋನಜೈಟ್ ಇದೆ ಎಂಬ ಹೆಮ್ಮೆಯಿಂದಲೋ ಏನೋ, ನಮ್ಮ ಕಡೆಯ ಪ್ರಾಜೆಕ್ಟುಗಳಲ್ಲಿ ಥೋರಿಯಂ ಹೆಚ್ಚು. ಅದರ ಮೊದಲ ದೊಡ್ಡ ಶಿಖರಗಳು 21.8 ಮತ್ತು 23.5 ಇವಿಯಲ್ಲಿ ಜೋಡಿಯಾಗಿ ಬರುತ್ತವೆ. 6.67ರಲ್ಲಿ ಹುಡುಕಿ ಸಿಗಲಿಲ್ಲ ಎಂದು ಬೇಜಾರಾಗಬೇಡಿ.

ಶಿಖರ ಸರಿ, ಕೆ ಪಾತಾಳದಲ್ಲಿ

ಇಲ್ಲಿ ಫೈಲನ್ನು ಬಿಟ್ಟು ಮಾದರಿಯನ್ನು ನೋಡಬೇಕು. ಇಂಧನವನ್ನೂ ನೀರನ್ನೂ ಸರಳವಾಗಲಿ ಎಂದು ಅರೆದು ಒಂದೇ ಪಾಯಸ ಮಾಡಿದ್ದೀರಾ? ಹಾಗೆ ಮಾಡಿದರೆ ಸ್ವಯಂಮರೆ ಹೋಯಿತು, ಪ್ರತಿಯೊಂದು ಯುರೇನಿಯಂ ಪರಮಾಣುವಿಗೂ ಬಿಸಿಲು. ಗಂಟು ಕಟ್ಟಿಡುವುದರ ಲಾಭ ಎಷ್ಟು ದೊಡ್ಡದು ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ: ನೈಸರ್ಗಿಕ ಯುರೇನಿಯಂ ಮತ್ತು ಗ್ರಾಫೈಟನ್ನು ಏಕರೂಪವಾಗಿ ಬೆರೆಸಿದರೆ ಅನಂತ ಗಾತ್ರದಲ್ಲೂ ಕೆ 0.85ರ ಸುತ್ತ ನಿಂತುಬಿಡುತ್ತದೆ. ಅದೇ ಯುರೇನಿಯಂ ಅನ್ನು ಉಂಡೆ ಉಂಡೆಯಾಗಿ ಗ್ರಾಫೈಟಿನ ನಡುವೆ ಇಟ್ಟದ್ದರಿಂದ ಫರ್ಮಿಯ ತಂಡಕ್ಕೆ 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಸರಪಳಿ ಕ್ರಿಯೆ ಸಿಕ್ಕಿತು. ನಮ್ಮ ಕೈಗಾದಲ್ಲಿ ಉರಿಯುವುದೂ ನೈಸರ್ಗಿಕ ಯುರೇನಿಯಮ್ಮೇ, ಅದರ 99.3 ಶೇಕಡಾ ಯುರೇನಿಯಂ-238. ಭಾರಜಲದ ನಡುವೆ ಇಂಧನ ಕಡ್ಡಿಗಳ ಕಟ್ಟು ಕಟ್ಟಿ ದೂರ ದೂರ ಇಟ್ಟಿರುವುದು ಸುಮ್ಮನೆ ಅಲ್ಲ.

ಗುಂಪು ಸ್ಥಿರಾಂಕಗಳಿಂದ, ಅಂದರೆ ಶಕ್ತಿಯನ್ನು ಕೆಲವೇ ಗುಂಪು ಮಾಡಿ ಗುಂಪಿಗೊಂದು ಸರಾಸರಿ ಅಡ್ಡಛೇದ ಹಿಡಿದು, ಲೆಕ್ಕ ಮಾಡುವವರು ಇದೇ ಹೊಂಡಕ್ಕೆ ಬೇರೆ ದಾರಿಯಿಂದ ಬೀಳುತ್ತಾರೆ. ಗುಂಪಿನ ಸರಾಸರಿ ತೆಗೆಯುವಾಗ ಹಿನ್ನೆಲೆ ಅಡ್ಡಛೇದವನ್ನು (ಸುತ್ತಲಿನ ಉಳಿದ ಪರಮಾಣುಗಳದ್ದು) ಅನಂತ ದುರ್ಬಲೀಕರಣಕ್ಕೆ, ಅಂದರೆ ಯುರೇನಿಯಂ ತೀರಾ ವಿರಳವಾಗಿದೆ ಎಂಬಂತೆ, ಇಟ್ಟುಬಿಟ್ಟರೆ ಕಡ್ಡಿಯೊಳಗೂ 275 ಬಾರ್ನಿನ ಸಮಾಕಲವೇ ಲೆಕ್ಕಕ್ಕೆ ಬರುತ್ತದೆ. ನಿಜವಾದ ಕಡ್ಡಿಯಲ್ಲಿ ಸ್ವಯಂಮರೆಯಿಂದ ಅದು 20 ಬಾರ್ನ್ ಆಸುಪಾಸಿಗೆ ಇಳಿದಿರುತ್ತದೆ. ಹತ್ತು ಪಟ್ಟಿಗೂ ಮೀರಿದ ತಪ್ಪು! ಇದಕ್ಕೆ ಇನ್ನೊಂದು ಲಕ್ಷಣವೂ ಉಂಟು, ಮೇಲೆ ಹೇಳಿದ ಮಾತು ಇಲ್ಲಿ ಬೇಕು: ಮರೆ ಇಲ್ಲದಲ್ಲಿ ಡಾಪ್ಲರ್ ಕೂಡ ಇರುವುದಿಲ್ಲ. ಕೆ ತೀರಾ ಕಡಿಮೆ ಇದ್ದು, ತಾಪಕ್ಕೂ ಅಲುಗದಿದ್ದರೆ ಮೊದಲು ಹಿನ್ನೆಲೆ ಅಡ್ಡಛೇದದ ಸಾಲನ್ನೇ ನೋಡಿ.

ಹಾಗಾದರೆ ಹುಡುಗಿಯ ದೋಷ ಎಂತದ್ದು?

ಅವಳ ಕೆ ತೀರಾ ಕಡಿಮೆ ಏನೂ ಇರಲಿಲ್ಲ. ಕಡ್ಡಿಯೂ ನೀರೂ ಬೇರೆ ಬೇರೆಯಾಗಿಯೇ ಇದ್ದವು. ಶಿಖರವನ್ನು ತೆಗೆದು ನೋಡಿದೆವು: ಸುಮಾರು 7,100. ವಿಸ್ತೀರ್ಣ ಸರಿ. ಕೋಣೆಯ ತಾಪದ ದತ್ತಾಂಶ. ಅದರಲ್ಲಿ ಬೇರೆ ತಾಪದ ರೇಖೆಗಳು ಇವೆಯೇ ಎಂದು ಹುಡುಕಿದರೆ ಒಂದೂ ಇಲ್ಲ. ದತ್ತಾಂಶದ ಫೈಲುಗಳ ಪೂರ್ತಿ ಗ್ರಂಥಾಲಯ ದೊಡ್ಡದು, ಮಳೆಗಾಲದ ನಮ್ಮ ನೆಟ್ಟಿನಲ್ಲಿ ಇಳಿಯದು ಎಂದು ಪರಿಚಯದವರೊಬ್ಬರ ಪೆನ್‌ಡ್ರೈವಿನಿಂದ ನಕಲು ಮಾಡಿದ್ದಳು. ಅವರು ತಮ್ಮ ಕೆಲಸಕ್ಕೆಂದು ಒಂದೇ ತಾಪಕ್ಕೆ ಪರಿವರ್ತಿಸಿಟ್ಟ ಪ್ರತಿ ಅದು.

ಆದರೆ ಓಪನ್‌ಎಂಸಿ ಇಷ್ಟು ಸುಲಭಕ್ಕೆ ಒಪ್ಪುವುದಿಲ್ಲವಲ್ಲ! ಕೇಳಿದ ತಾಪಕ್ಕೆ ಹತ್ತಿರದ ದತ್ತಾಂಶ ಹುಡುಕುವಾಗ ಅದು 10 ಕೆಲ್ವಿನ್‌ನಷ್ಟು ಮಾತ್ರ ಆಚೀಚೆ ಸಹಿಸುತ್ತದೆ. 600 ಕೇಳಿ 294 ಮಾತ್ರ ಇದ್ದರೆ ದೋಷ ಸಂದೇಶ ಕೊಟ್ಟು ನಿಲ್ಲಬೇಕು. "ನಿಂತಿತ್ತಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂತಿತ್ತು ಸರ್. ಸಹಿಷ್ಣುತೆಯನ್ನು 1000 ಮಾಡಿದೆ. ಆಮೇಲೆ ಓಡಿತು" ಎಂದಳು.

ಎಂತ ಮಾರಾಯ್ತಿ! ನಾಯಿ ಬೊಗಳುವುದು ಕಿರಿಕಿರಿ ಎಂದು ನಾಯಿಯ ಬಾಯಿ ಕಟ್ಟಿ, ಕಳ್ಳನಿಗೆ ಬಾಗಿಲು ತೆರೆದಿಟ್ಟಂತಾಯಿತು. 600 ಕೇಳಿದಾಗಲೂ 294ರ ದತ್ತಾಂಶ, 900 ಕೇಳಿದಾಗಲೂ ಅದೇ 294. ಎರಡೂ ಓಟ ಒಂದೇ ರಿಯಾಕ್ಟರಿನದ್ದು, 40 ಪಿಸಿಎಂ ಬರೀ ಸಂಖ್ಯಾಶಾಸ್ತ್ರದ ನಡುಕ.

ಇದು ತಿಳಿಯಲು ಶಿಖರದವರೆಗೂ ಹೋಗಬೇಕಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಓಡಲು ಶುರುಮಾಡುವಾಗ ಪರದೆಯ ಮೇಲೆ ನ್ಯೂಟ್ರಾನ್ ದತ್ತಾಂಶದ ಕನಿಷ್ಠ ತಾಪ, ಗರಿಷ್ಠ ತಾಪ ಎಂದು ಎರಡು ಸಾಲು ಮೂಡುತ್ತವೆ. ಅವಳಲ್ಲಿ ಎರಡೂ ಕಡೆ 294 ಎಂದೇ ಇತ್ತು. ಆ ಸಾಲುಗಳನ್ನು ಯಾರೂ ಓದುವುದಿಲ್ಲ, ನಾನೂ ಸೇರಿದಂತೆ.

ಪರಿಹಾರ: 294, 600, 900 ಕೆಲ್ವಿನ್‌ಗಳ ದತ್ತಾಂಶವಿರುವ ಗ್ರಂಥಾಲಯ ತರುವುದು, ಸಹಿಷ್ಣುತೆಯನ್ನು ಮತ್ತೆ 10ಕ್ಕೆ ಇಳಿಸುವುದು. ನಡುವಿನ ತಾಪ ಬೇಕಿದ್ದರೆ ಹತ್ತಿರದ್ದನ್ನು ಆರಿಸುವ ಬದಲು ಅಂತರ್ವೇಶನದ ಆಯ್ಕೆ ಇದೆ. ತಾಪ ಬರೆಯದೆ ಬಿಟ್ಟ ಕೋಶಕ್ಕೆ ತಂತ್ರಾಂಶ ತಾನಾಗಿ 293.6 ಹಾಕಿಕೊಳ್ಳುತ್ತದೆ, ಅದನ್ನೂ ನೋಡಿಕೊಳ್ಳಿ. ಸೆಲ್ಸಿಯಸ್‌ನಲ್ಲಿ ಬರೆದು ಕೆಲ್ವಿನ್ ಎಂದುಕೊಳ್ಳುವವರೂ ಇದ್ದಾರೆ. ಇಂಧನದ ತಾಪ ಬದಲಿಸುವಾಗ ನೀರಿನ ತಾಪ, ಸಾಂದ್ರತೆ ಎರಡನ್ನೂ ಮುಟ್ಟಬೇಡಿ. ಮುಟ್ಟಿದರೆ ಯಾವುದರ ಪರಿಣಾಮ ಯಾವುದು ಎಂದು ಬಿಡಿಸಲಾಗದು.

ಉಳಿದ ಚಿಲ್ಲರೆ

ಚದುರುವಿಕೆಯ ಅಡ್ಡಛೇದ ಎಲ್ಲಾದರೂ ಋಣಾತ್ಮಕವಾಗಿ ಕಂಡರೆ ಗಾಬರಿ ಬೇಡ, ಏಕಮಟ್ಟದ ಬ್ರೈಟ್-ವಿಗ್ನರ್ ರೂಪದಲ್ಲಿ ಬರೆದ ಹಳೆಯ ಮೌಲ್ಯಮಾಪನಗಳಲ್ಲಿ ಅದು ಸಂಭವ. ರೀಚ್-ಮೂರ್ ರೂಪದ ಹೊಸ ಫೈಲು ಬಳಸಿ. 6.67ಕ್ಕೆ ಸ್ವಲ್ಪ ಕೆಳಗೆ ಚದುರುವಿಕೆಯ ರೇಖೆ ಹೊಂಡದಂತೆ ಇಳಿಯುವುದು ಮಾತ್ರ ದೋಷವಲ್ಲ, ಶಿಖರದ ಅಲೆಯೂ ಸುಮಾರು 11 ಬಾರ್ನಿನ ಸಾಮಾನ್ಯ ಚದುರುವಿಕೆಯ ಅಲೆಯೂ ಒಂದನ್ನೊಂದು ಕಡಿದುಹಾಕುವ ಜಾಗ ಅದು. ಬಿಡಿಸಲಾಗದ ಅನುರಣನಗಳ ವಲಯ ಯುರೇನಿಯಂ-238ಕ್ಕೆ 20 ಕೆಇವಿಯಿಂದ ಶುರು. ವೇಗದ ರಿಯಾಕ್ಟರಿನವರಿಗೆ ಅದು ತಲೆನೋವು, ನೀರಿನ ಕಡ್ಡಿಗೆ ಅಷ್ಟಿಲ್ಲ.

ಕೊನೆಯದು ಸೂಕ್ಷ್ಮ. ಎಲ್ಲ ಸರಿಯಿದ್ದೂ ನಿಮ್ಮ ಡಾಪ್ಲರ್ ಗುಣಾಂಕ ಇನ್ನೊಬ್ಬರದ್ದಕ್ಕಿಂತ ಸುಮಾರು 10 ಶೇಕಡಾ ದುರ್ಬಲವಾಗಿ ಬಂದರೆ, ಅವರು ಅನುರಣನ ಚದುರುವಿಕೆಯ ಆಯ್ಕೆ ಹಾಕಿದ್ದಾರೆ, ನೀವು ಹಾಕಿಲ್ಲ. ನಡುಗುವ ಭಾರದ ನ್ಯೂಕ್ಲಿಯಸ್ಸಿಗೆ ಡಿಕ್ಕಿ ಹೊಡೆದ ನ್ಯೂಟ್ರಾನು ಕೆಲವೊಮ್ಮೆ ಶಕ್ತಿ ಪಡೆದು ಮೇಲಕ್ಕೆ ಹಾರಿ, ದಾಟಿ ಬಂದಿದ್ದ ಶಿಖರದೊಳಗೆ ಮತ್ತೆ ಬೀಳುತ್ತದೆ. ಆ ಆಯ್ಕೆ ತಾನಾಗಿ ಚಾಲೂ ಇರುವುದಿಲ್ಲ. ಓಡುವ ಹೊತ್ತು ಹೆಚ್ಚುತ್ತದೆ, ಹಾಗಾಗಿ ಯುರೇನಿಯಂ-238ಕ್ಕೆ ಮಾತ್ರ ಹಾಕಿದರೆ ಕಡ್ಡಿಯ ಲೆಕ್ಕಕ್ಕೆ ಸಾಕು.

ಎರಡು ವಾರ ಕಳೆದು ಹುಡುಗಿ ಫೋನ್ ಮಾಡಿದಳು. ಕಾಸರಗೋಡು ಪೇಟೆಯಲ್ಲಿ ಒಳ್ಳೆಯ ನೆಟ್ ಸಿಗುವ ಕಡೆ ಕೂತು ಪೂರ್ತಿ ಗ್ರಂಥಾಲಯ ಇಳಿಸಿಕೊಂಡಿದ್ದಳು. 600ರಿಂದ 900ಕ್ಕೆ ಹೋದಾಗ 750 ಪಿಸಿಎಂ ಹತ್ತಿರ ಇಳಿದಿತ್ತು. 900ರ ಫೈಲಿನಲ್ಲಿ ಶಿಖರ ಎಷ್ಟು ಎಂದು ಕೇಳಿದೆ. 4,500ಕ್ಕೆ ಸ್ವಲ್ಪ ಕಡಿಮೆ ಎಂದಳು, ಕೇಳುವ ಮೊದಲೇ ನೋಡಿಟ್ಟಿದ್ದಳು.